ಧ್ಯಾನ ಮಾತ್ರೆಗೆ ಸಮ ಎಂದು ತೂಗಿದ್ದು ಯಾವ ತಕ್ಕಡಿಯಲ್ಲಿ?

ಆತಂಕದ ಕಾಯಿಲೆಗೆ ಮಾತ್ರೆ ಬೇಡ, ಧ್ಯಾನ ಸಾಕು ಎನ್ನುವ ಮಾತಿಗೆ 2022ರ ನವೆಂಬರಿನಲ್ಲಿ ಹೊಸ ಬಲ ಬಂತು. ಆ ತಿಂಗಳು ಅಮೆರಿಕದ ‘ಜಾಮಾ ಸೈಕಿಯಾಟ್ರಿ’ ಪತ್ರಿಕೆ ಒಂದು ಅಧ್ಯಯನ ಪ್ರಕಟಿಸಿತು. ಅಧ್ಯಯನ ಅಚ್ಚುಕಟ್ಟಾದದ್ದೇ, ಅನುಮಾನವಿಲ್ಲ. ಆದರೆ ಮಾತ್ರೆ ಬೇಡ ಎಂದು ಅದು ಎಲ್ಲೂ ಹೇಳಿಲ್ಲ. ವೈದ್ಯರು ಸಂದರ್ಶಿಸಿ ಕಾಯಿಲೆ ಹೌದೆಂದು ಖಚಿತಪಡಿಸಿದ ರೋಗಿಗಳಿಗೆ, ಪಳಗಿದ ಶಿಕ್ಷಕರು ವಾರವಾರವೂ ಕಲಿಸಿದ ಧ್ಯಾನ, ಎಂಟು ವಾರದ ಕೊನೆಗೆ, ಒಂದು ನಿರ್ದಿಷ್ಟ ಮಾತ್ರೆಗಿಂತ ತುಂಬಾ ಹಿಂದೆ ಬೀಳಲಿಲ್ಲ ಎಂದಷ್ಟೇ ಅದು ಹೇಳಿತು. ಕೇರಳದ ಗಡಿ ಜಿಲ್ಲೆಯಾದ ಕಾಸರಗೋಡಿನ ವಾಟ್ಸಾಪ್ ಗುಂಪುಗಳಿಗೆ ತಲುಪುವಷ್ಟರಲ್ಲಿ ಈ ಷರತ್ತುಗಳೆಲ್ಲ ಉದುರಿ ತಲೆಬರಹ ಮಾತ್ರ ಉಳಿಯುತ್ತದೆ. ಮಂಜೇಶ್ವರದಿಂದ ಅಡೂರಿನವರೆಗಿನ ಕನ್ನಡ ರೋಗಿಗೆ ನಿಜವಾಗಿ ಬೇಕಾದದ್ದು ಆ ಉದುರಿದ ಭಾಗವೇ.

ಅಧ್ಯಯನ ನಡೆದದ್ದು ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳ ಮೂರು ಬೋಧನಾ ಆಸ್ಪತ್ರೆಗಳಲ್ಲಿ. 2018ರ ಜೂನ್‌ನಿಂದ 2020ರ ಫೆಬ್ರವರಿಯ ತನಕ 276 ಮಂದಿಯನ್ನು ಸೇರಿಸಿಕೊಂಡರು. ಕೆಲವರಿಗೆ ದಿನವಿಡೀ ಬಿಡದ ಆತಂಕ, ಕೆಲವರಿಗೆ ನಾಲ್ಕು ಜನರೆದುರು ನಿಲ್ಲಲು ಭಯ, ಇನ್ನು ಕೆಲವರಿಗೆ ಪ್ಯಾನಿಕ್, ಅಂದರೆ ಏಕಾಏಕಿ ಎರಗುವ ಗಾಬರಿ, ಅಥವಾ ಮನೆಯಿಂದ ಹೊರಗೆ ಜನಸಂದಣಿಗೆ ಹೋಗುವ ಹೆದರಿಕೆ. ಲಾಟರಿ ಎತ್ತಿದಂತೆ ಹಂಚಿ 136 ಮಂದಿಯನ್ನು ಧ್ಯಾನದ ತರಗತಿಗೆ, 140 ಮಂದಿಯನ್ನು ಎಸಿಟಾಲೊಪ್ರಾಮ್ ಮಾತ್ರೆಗೆ ಹಾಕಿದರು. ಮಾತ್ರೆಯ ಪ್ರಮಾಣ ದಿನಕ್ಕೆ 10ರಿಂದ 20 ಮಿಲಿಗ್ರಾಂ. ಕಾಯಿಲೆಯ ತೀವ್ರತೆಗೆ 1ರಿಂದ 7ರವರೆಗೆ ಅಂಕ: 1 ಎಂದರೆ ಕಾಯಿಲೆಯೇ ಇಲ್ಲ, 7 ಎಂದರೆ ಅತಿ ತೀವ್ರ. ಅಂಕ ಕೊಡುವವರಿಗೆ ಎದುರಿಗಿರುವವರು ಯಾವ ಗುಂಪಿನವರೆಂದು ತಿಳಿಯದಂತೆ ನೋಡಿಕೊಂಡರು.

ಆರಂಭದಲ್ಲಿ ಧ್ಯಾನದವರ ಸರಾಸರಿ 4.44, ಮಾತ್ರೆಯವರದು 4.51. ಎಂಟು ವಾರ ಕಳೆದಾಗ ಧ್ಯಾನದವರಲ್ಲಿ 1.35 ಇಳಿದಿತ್ತು, ಮಾತ್ರೆಯವರಲ್ಲಿ 1.43. ವ್ಯತ್ಯಾಸ 0.07ರ ಆಸುಪಾಸು.

ಈ ಬಗೆಯ ಪ್ರಯೋಗದಲ್ಲಿ ಯಾವುದು ಹೆಚ್ಚು ಒಳ್ಳೆಯದು ಎಂದು ಕೇಳುವುದಿಲ್ಲ. ಹೊಸದು ಹಳೆಯದಕ್ಕಿಂತ ಒಪ್ಪಲಾಗದಷ್ಟು ಕಳಪೆಯೇ ಎಂದು ಕೇಳುತ್ತಾರೆ. ಅಡಿಕೆ ತೂಗುವ ಮೊದಲೇ ಚೀಲಕ್ಕೆ ಇಷ್ಟು ಗ್ರಾಂ ಆಚೀಚೆ ಆದರೆ ತಕರಾರಿಲ್ಲ ಎಂದು ಎರಡೂ ಕಡೆಯವರು ಒಪ್ಪಿಕೊಂಡ ಹಾಗೆ, ಇಲ್ಲಿ ಆ ಅಂಚನ್ನು 0.495 ಅಂಕ ಎಂದು ಮೊದಲೇ ಗೊತ್ತುಮಾಡಿದ್ದರು. ಲೆಕ್ಕದ ಅನಿಶ್ಚಿತತೆಯನ್ನೂ ಸೇರಿಸಿಕೊಂಡರೆ ಧ್ಯಾನ ಹೆಚ್ಚೆಂದರೆ 0.38ರಷ್ಟು ಹಿಂದಿರಬಹುದು, 0.23ರಷ್ಟು ಮುಂದೆಯೂ ಇರಬಹುದು. 0.38 ಒಪ್ಪಿದ ಅಂಚಿನ ಒಳಗಿರುವುದರಿಂದ ‘ಕಳಪೆಯಲ್ಲ’ ಎಂಬ ತೀರ್ಮಾನ. ಅಂಚನ್ನು 0.3 ಎಂದು ಇಟ್ಟಿದ್ದರೆ ಇದೇ ಅಂಕಿಗಳಿಂದ ಆ ತೀರ್ಮಾನ ಬರುತ್ತಿರಲಿಲ್ಲ. ಇಂಥ ಅಧ್ಯಯನ ಕೈಗೆ ಸಿಕ್ಕಾಗ ಮೊದಲು ಹುಡುಕಬೇಕಾದದ್ದು ಆ ಅಂಚು ಎಷ್ಟು, ಅದನ್ನು ಫಲಿತಾಂಶಕ್ಕೆ ಮೊದಲೇ ಬರೆದಿಟ್ಟಿದ್ದರೇ ಎಂಬುದನ್ನು.

ಕೊನೆಯವರೆಗೆ ಉಳಿದವರು 208 ಮಂದಿ: ಧ್ಯಾನದಲ್ಲಿ 102, ಮಾತ್ರೆಯಲ್ಲಿ 106. ಎರಡೂ ಕಡೆಯಿಂದ ತಲಾ 34 ಮಂದಿ ಅರ್ಧದಲ್ಲೇ ಬಿಟ್ಟಿದ್ದಾರೆ. ಮುಖ್ಯ ಲೆಕ್ಕ ಪೂರ್ತಿ ಮಾಡಿದವರದ್ದು. ಇದು ಮೋಸವಲ್ಲ, ‘ಕಳಪೆಯಲ್ಲ’ ಎಂದು ತೋರಿಸುವ ಪ್ರಯೋಗಗಳಲ್ಲಿ ಹೀಗೆ ಮಾಡಲು ಕಾರಣವಿದೆ. ಎರಡೂ ಗುಂಪಿನವರು ಚಿಕಿತ್ಸೆಯನ್ನು ಅರ್ಧಂಬರ್ಧ ಮಾಡಿದರೆ ಇಬ್ಬರ ಫಲಿತಾಂಶವೂ ಮಂಕಾಗಿ ಒಂದೇ ಥರ ಕಾಣುತ್ತದೆ, ಆಗ ಏನನ್ನು ಬೇಕಾದರೂ ಸಮ ಎಂದುಬಿಡಬಹುದು. ಹಾಗಿದ್ದರೂ ಮನೆಯವರು ನೆನಪಿಡಬೇಕಾದ ಸಂಗತಿ, 1.35ರ ಇಳಿಕೆ ಬಿಡದೆ ಮಾಡಿದವರ ಇಳಿಕೆ ಎಂಬುದು. ನಾಲ್ವರಲ್ಲಿ ಒಬ್ಬರು ಹಾಗೆ ಮಾಡಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಏನೂ ಚಿಕಿತ್ಸೆ ಇಲ್ಲದ, ಅಥವಾ ಹುಸಿಮಾತ್ರೆ ಕೊಟ್ಟ ಮೂರನೆಯ ಗುಂಪು ಅಲ್ಲಿರಲಿಲ್ಲ. ಆತಂಕ ಏರಿಳಿಯುವ ಕಾಯಿಲೆ. ಜನ ವೈದ್ಯರಲ್ಲಿಗೆ ಹೋಗುವುದು ತೀರಾ ಜೋರಾದಾಗ. ಅಲ್ಲಿಂದ ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ವಾರವಾರ ಒಬ್ಬರು ಕೂರಿಸಿ ವಿಚಾರಿಸಿದರೆ ಅದರಿಂದಲೂ ಇಳಿಯುತ್ತದೆ. ಈ 1.4ರಲ್ಲಿ ಧ್ಯಾನದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಈ ಒಂದು ಪ್ರಯೋಗದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಎಸಿಟಾಲೊಪ್ರಾಮ್ ಹುಸಿಮಾತ್ರೆಗಿಂತ ಮೇಲು ಎಂದು ಬೇರೆ ಪ್ರಯೋಗಗಳು ತೋರಿಸಿವೆ ಎಂಬ ಆಧಾರದ ಮೇಲೆ ಇಡೀ ವಾದ ನಿಂತಿದೆ. ಸೇರಿದವರ ಸರಾಸರಿ ವಯಸ್ಸು 33, ಮುಕ್ಕಾಲು ಪಾಲು ಹೆಂಗಸರು, ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಬಂದವರು, ಧ್ಯಾನ ಬಂದರೂ ಸರಿ ಮಾತ್ರೆ ಬಂದರೂ ಸರಿ ಎಂದು ಒಪ್ಪಿ ಬಂದವರು. ಮಾತ್ರೆ ಎಂದರೆ ಮಾರು ದೂರ ನಿಲ್ಲುವವರಾಗಲಿ, ಧ್ಯಾನ ಎಂದರೆ ನಗುವವರಾಗಲಿ ಲಾಟರಿಗೇ ಬರುವುದಿಲ್ಲ.

ಅಡ್ಡಪರಿಣಾಮದ ಲೆಕ್ಕದಲ್ಲಿ ಧ್ಯಾನದ ಕಡೆ ನಿಜವಾದ ಅನುಕೂಲವಿದೆ. ಮಾತ್ರೆಯವರಲ್ಲಿ 140ಕ್ಕೆ 110 ಮಂದಿ ಒಂದಾದರೂ ತೊಂದರೆ ಹೇಳಿದರು. ಧ್ಯಾನದವರಲ್ಲಿ 136ಕ್ಕೆ 21 ಮಂದಿ. ತೊಂದರೆಯಿಂದಾಗಿಯೇ ಬಿಟ್ಟವರು ಮಾತ್ರೆಯಲ್ಲಿ ಹತ್ತು ಮಂದಿ, ಧ್ಯಾನದಲ್ಲಿ ಯಾರೂ ಇಲ್ಲ.

ಇನ್ನು ಧ್ಯಾನದ ಡೋಸ್. ಆ ಅಧ್ಯಯನದಲ್ಲಿ ಕಲಿಸಿದ ಪಾಠಕ್ರಮವನ್ನು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ ಶುರುಮಾಡಿದರು. ಎಂಬಿಎಸ್‌ಆರ್ ಎಂದು ಅದರ ಹೆಸರು: ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸದಿಂದ ಒತ್ತಡ ಇಳಿಸುವುದು. ವಾರಕ್ಕೊಮ್ಮೆ ಎರಡೂವರೆ ತಾಸಿನ ತರಗತಿ, ಎಂಟು ವಾರ. ಐದನೆಯ ಅಥವಾ ಆರನೆಯ ವಾರ ಒಂದು ಇಡೀ ದಿನದ ಅಭ್ಯಾಸ. ಮನೆಯಲ್ಲಿ ದಿನಕ್ಕೆ 45 ನಿಮಿಷ. ತರಗತಿಯೇ 20 ತಾಸು, ಮನೆಯ ಅಭ್ಯಾಸ 42 ತಾಸಿನಷ್ಟು, ಜೊತೆಗೆ ಆ ಒಂದು ದಿನ. ಅರುವತ್ತು ತಾಸು ಮೀರುತ್ತದೆ. ಮೊಬೈಲ್ ಆಪ್‌ನಲ್ಲಿ ದಿನಕ್ಕೆ ಹತ್ತು ನಿಮಿಷದಂತೆ ಎಂಟು ವಾರ ಮಾಡಿದರೆ ಒಟ್ಟು 9 ತಾಸು 20 ನಿಮಿಷ. ಇಷ್ಟು ಮಾಡಿ ಧ್ಯಾನದಿಂದ ಏನೂ ಆಗಲಿಲ್ಲ ಎನ್ನುವವರಿಗೂ, ಇಷ್ಟೇ ಸಾಕು ಎಂದು ಮಾತ್ರೆ ಬಿಡಿಸುವವರಿಗೂ ಆ ಅಧ್ಯಯನವನ್ನು ಆಧಾರ ಮಾಡುವ ಹಕ್ಕಿಲ್ಲ.

ಆ ತಾಸುಗಳಲ್ಲಿ ನಡೆಯುವುದೇನು? ಮೊದಲ ವಾರಗಳಲ್ಲಿ ಹೆಚ್ಚಾಗಿ ಮೈಯ ಮೇಲೆ ಗಮನ ಹರಿಸುವ ಅಭ್ಯಾಸ. ಅಂಗಾತ ಮಲಗಿ, ಎಡಗಾಲಿನ ಬೆರಳುಗಳಿಂದ ಶುರುಮಾಡಿ ಪಾದ, ಮೀನಖಂಡ, ಮೊಣಕಾಲು, ತೊಡೆ, ನಂತರ ಬಲಗಾಲು, ಸೊಂಟ, ಹೊಟ್ಟೆ, ಎದೆ, ಕೈ, ಕುತ್ತಿಗೆ, ಮುಖ ಹೀಗೆ ಒಂದೊಂದೇ ಜಾಗದಲ್ಲಿ ಏನು ಗೊತ್ತಾಗುತ್ತದೆ ಎಂದು ಗಮನಿಸುವುದು. ಬಿಸಿ, ತಂಪು, ಬಿಗಿತ, ತುರಿಕೆ, ಏನೂ ಗೊತ್ತಾಗದಿದ್ದರೆ ಏನೂ ಇಲ್ಲ ಎಂಬುದು. ಮನಸ್ಸು ಗಲ್ಫಿನಲ್ಲಿರುವ ಮಗನ ವೀಸಾದ ಕಡೆಗೋ ಬ್ಯಾಂಕಿನ ಕಂತಿನ ಕಡೆಗೋ ಓಡಿದರೆ, ಓಡಿತು ಎಂದು ತಿಳಿದು ಬಿಟ್ಟ ಜಾಗಕ್ಕೆ ಮರಳಿ ತರುವುದು. ಓಡುವುದು ಸೋಲಲ್ಲ, ಓಡಿದ್ದನ್ನು ಗುರುತಿಸಿ ಮರಳಿ ತರುವುದೇ ಇಲ್ಲಿ ಅಭ್ಯಾಸ. ಇದರ ಜೊತೆಗೆ ಕುಳಿತು ಉಸಿರನ್ನು ಗಮನಿಸುವುದು, ನಿಧಾನದ ಆಸನಗಳು, ನಡೆಯುವಾಗಿನ ಗಮನ. ತರಗತಿಯ ಕೊನೆಯಲ್ಲಿ ಶಿಕ್ಷಕರು ಒಬ್ಬೊಬ್ಬರನ್ನೂ ಏನಾಯಿತು ಎಂದು ವಿಚಾರಿಸುತ್ತಾರೆ. ಆಪ್‌ನಲ್ಲಿ ಇಲ್ಲದ್ದು ಈ ವಿಚಾರಣೆ, ತಪ್ಪುಗಳು ಸಿಕ್ಕಿಬೀಳುವುದೂ ಅಲ್ಲಿಯೇ.

ತಪ್ಪುಗಳಲ್ಲಿ ಮೊದಲನೆಯದು, ಕೂತು ಐದು ನಿಮಿಷಕ್ಕೊಮ್ಮೆ ‘ಈಗ ಶಾಂತವಾಯಿತೇ’ ಎಂದು ತನ್ನನ್ನೇ ಕೇಳಿಕೊಳ್ಳುವುದು. ಆತಂಕದವರು ಹೇಗೂ ಸದಾ ತಮ್ಮ ಮೈಯನ್ನು ಕಾವಲು ಕಾಯುತ್ತಿರುತ್ತಾರೆ; ಇದು ಅದಕ್ಕೊಂದು ಹೊಸ ನೆಪವಾಗುತ್ತದೆ. ಇನ್ನೊಂದು, ಬರೀ ಗಾಬರಿ ಬಂದಾಗ ಮಾತ್ರ ಧ್ಯಾನಕ್ಕೆ ಕೂರುವುದು. ಮೂರನೆಯದು ಪ್ಯಾನಿಕ್ ಇರುವವರಲ್ಲಿ ಕಾಣುವಂಥದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಸಿರನ್ನು ಗಮನಿಸು ಎಂದ ಕೂಡಲೇ ಅವರು ಉಸಿರನ್ನು ನಡೆಸಲು ತೊಡಗುತ್ತಾರೆ. ಅಗತ್ಯಕ್ಕಿಂತ ಆಳವಾಗಿ, ಬೇಗ ಬೇಗ ಎಳೆದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ; ಬೆರಳ ತುದಿ, ತುಟಿಯ ಸುತ್ತ ಜುಮುಜುಮು, ತಲೆ ಹಗುರವಾದಂತೆ, ಎದೆ ಹಿಡಿದಂತೆ. ಅದು ಅವರಿಗೆ ಪ್ಯಾನಿಕ್ಕಿನದೇ ಗುರುತು, ಹಾಗಾಗಿ ಹತ್ತು ನಿಮಿಷದ ಧ್ಯಾನ ಪ್ಯಾನಿಕ್ಕಿನಲ್ಲಿ ಮುಗಿಯುತ್ತದೆ. ಅನುಭವಿ ಶಿಕ್ಷಕರು ಇಂಥವರಿಗೆ ಕಣ್ಣು ತೆರೆದೇ ಕೂರಿಸಿ, ಗಮನವನ್ನು ನೆಲಕ್ಕೆ ತಾಗಿದ ಅಂಗಾಲಿನ ಮೇಲೋ ಹೊರಗಿನ ಸದ್ದಿನ ಮೇಲೋ ಇರಿಸುತ್ತಾರೆ; ಉಸಿರಿನ ಸರದಿ ಆಮೇಲೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಎಡವಟ್ಟು ಸೇರುತ್ತದೆ. ಧ್ಯಾನ ಶಿಬಿರ ಎಂದು ಹೋದರೆ ಭಸ್ತ್ರಿಕಾ, ಕಪಾಲಭಾತಿಯೂ ಅದರ ಜೊತೆಗಿರುವುದುಂಟು. ರಭಸದ ಉಸಿರಾಟ ಪ್ಯಾನಿಕ್ ಇರುವವರಲ್ಲಿ ಮೇಲೆ ಹೇಳಿದ್ದನ್ನೇ ಬರಿಸಬಲ್ಲದು. ಅಮೆರಿಕದ ಆ ಪಾಠಕ್ರಮದಲ್ಲಿ ಅದು ಇಲ್ಲ. ಹತ್ತು ದಿನ ಮೌನದಲ್ಲಿ ಕೂರಿಸುವ ಶಿಬಿರಗಳೂ ಬೇರೆಯೇ ಜಾತಿ. ಕಾಯಿಲೆ ಜೋರಿರುವಾಗ ಅಲ್ಲಿಗೆ ಹೋಗುವುದು ಜಾಣತನವಲ್ಲ.

ಧ್ಯಾನದಿಂದ ಕೇಡೇ ಇಲ್ಲ ಎನ್ನುವವರಿಗೆ 2020ರ ಒಂದು ಅವಲೋಕನವನ್ನು ತೋರಿಸಬಹುದು. 83 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಏನಾದರೂ ಕೆಟ್ಟ ಪರಿಣಾಮ ಆದವರು ಶೇ. 8.3. ಹೆಚ್ಚಾಗಿ ಕಂಡದ್ದು ಆತಂಕ ಮತ್ತು ಖಿನ್ನತೆ. ಆ ಶೇ. 8.3ನ್ನು ಅಧ್ಯಯನದ ಬಗೆಯ ಪ್ರಕಾರ ಬಿಡಿಸಿದಾಗ, ಪ್ರಯೋಗಗಳಲ್ಲಿ ಶೇ. 3.7, ಬರೀ ಜನರನ್ನು ಕೇಳಿ ಬರೆದುಕೊಂಡ ಅಧ್ಯಯನಗಳಲ್ಲಿ ಶೇ. 33.2. ಒಂಬತ್ತು ಪಟ್ಟು ವ್ಯತ್ಯಾಸ. ಯಾರನ್ನು, ಹೇಗೆ ಕೇಳಿದರು ಎಂಬುದರ ಮೇಲೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಕಾಯಿಲೆ ಇರಲಿ ಇಲ್ಲದಿರಲಿ, ಎಲ್ಲರಿಗೂ ಕಲಿಸಿಬಿಟ್ಟರೆ ಒಳ್ಳೆಯದಲ್ಲವೇ ಎಂಬ ಆಸೆಗೂ ಉತ್ತರ ಬಂದಿದೆ. ಬ್ರಿಟನ್ನಿನ 84 ಶಾಲೆಗಳ 8,376 ಮಕ್ಕಳ ಮೇಲೆ ನಡೆದ, 2022ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ, ಮೈಂಡ್‌ಫುಲ್‌ನೆಸ್ ಪಾಠ ಪಡೆದವರು ಮಾಮೂಲಿ ಪಾಠ ಪಡೆದವರಿಗಿಂತ ಮೇಲಾಗಲಿಲ್ಲ. ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿದ್ದೂ ತೀರಾ ಕಡಿಮೆ.

ಕಾಯಿಲೆ ಇದ್ದವರಿಗೇ ಕೊಡಬೇಕು ಎಂದಾದರೆ ಕಾಯಿಲೆ ಯಾರಿಗಿದೆ ಎಂದು ಗೊತ್ತಾಗಬೇಕು. ಕಾಸರಗೋಡಿನ ತೊಡಕು ನಿಜವಾಗಿ ಇಲ್ಲಿ ಶುರುವಾಗುತ್ತದೆ, ಧ್ಯಾನದಲ್ಲಿ ಅಲ್ಲ.

ಆತಂಕದವರು ಆಸ್ಪತ್ರೆಗೆ ಬಂದು ಆತಂಕ ಎನ್ನುವುದು ಕಡಿಮೆ. ಎದೆ ಡವಡವ, ಹೊಟ್ಟೆ ತೊಳಸು, ಕೈಕಾಲು ಜೋಮು, ನಿದ್ದೆ ಇಲ್ಲ, ಸದಾ ತಲೆಬಿಸಿ ಎನ್ನುತ್ತಾರೆ. ಮೊದಲು ಮೈಯ ಕಾರಣಗಳನ್ನು ನೋಡುವುದು ಸರಿಯೇ. ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್‌ಎಚ್, ರಕ್ತದ ಸಕ್ಕರೆ, ಇವಿಷ್ಟು ಸಾಮಾನ್ಯವಾಗಿ ಸಾಕಾಗುತ್ತವೆ. ಥೈರಾಯ್ಡ್ ಹೆಚ್ಚಾದರೆ ಕೈ ನಡುಕ, ಬೆವರು, ತೂಕ ಇಳಿತ, ಎದೆಬಡಿತ ಎಲ್ಲವೂ ಆತಂಕದಂತೆಯೇ. ದಮ್ಮಿಗೆ ತೆಗೆದುಕೊಳ್ಳುವ ಸಾಲ್ಬುಟಮಾಲ್ ಹೆಚ್ಚಾದರೂ ಹಾಗೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಅಥವಾ ರಂಜಾನ್ ಉಪವಾಸದಲ್ಲಿ ಪ್ರಮಾಣ ಬದಲಿಸದಿದ್ದರೆ ಸಂಜೆಯ ಹೊತ್ತಿಗೆ ಬೆವರು, ನಡುಕ, ಗಾಬರಿ. ಅವರಿಗೆ ಬೇಕಾದದ್ದು ಸಕ್ಕರೆ ನೀರು, ಧ್ಯಾನವಲ್ಲ. ದಿನವೂ ಕುಡಿಯುವವರು ಒಂದು ದಿನ ಬಿಟ್ಟಾಗ ಬೆಳಗ್ಗೆ ಬರುವ ನಡುಕವನ್ನೂ ಆತಂಕವೆಂದೇ ಬರೆದುಬಿಡುವುದುಂಟು. ಇವೆಲ್ಲ ಸರಿ ಇದ್ದ ಮೇಲೂ ಎಂಡೋಸ್ಕೋಪಿ, ಎಕೋ, ತಲೆಯ ಸ್ಕ್ಯಾನ್ ಎಂದು ಮಂಗಳೂರಿಗೆ ಅಲೆಯುತ್ತಿದ್ದರೆ, ಒಂದು ಬಾರಿಯಾದರೂ ಆತಂಕದ ಪ್ರಶ್ನೆಗಳನ್ನು ಕೇಳಬೇಕು.

ಆ ಪ್ರಶ್ನೆಗಳ ಪಟ್ಟಿಗೆ ಜಿಎಡಿ-7 ಎಂದು ಹೆಸರು. 2006ರಲ್ಲಿ ಬಂತು. ಏಳು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 21. ಐದಕ್ಕೆ ಸೌಮ್ಯ, ಹತ್ತಕ್ಕೆ ಮಧ್ಯಮ, ಹದಿನೈದಕ್ಕೆ ತೀವ್ರ. ಹತ್ತನ್ನು ಗಡಿಯಾಗಿಟ್ಟರೆ ಸಾಮಾನ್ಯ ಆತಂಕದ ಕಾಯಿಲೆ ಇರುವ 100ರಲ್ಲಿ 89 ಮಂದಿಯನ್ನು ಹಿಡಿಯುತ್ತದೆ, ಇಲ್ಲದ 100ರಲ್ಲಿ 82 ಮಂದಿಯನ್ನು ಇಲ್ಲವೆಂದೇ ಬಿಡುತ್ತದೆ ಎಂದು ಮೂಲ ಅಧ್ಯಯನ ಹೇಳಿತು. ಕೇಳಲು ಚೆನ್ನಾಗಿದೆ. ಈಗ ಇದನ್ನು ಊರಿಗೆ ತರೋಣ. ಕಾಯಿಲೆ ಶೇ. 5ರಷ್ಟು ಇರುವ 1,000 ಜನರನ್ನು ಶಿಬಿರದಲ್ಲಿ ಕೂರಿಸಿದರೆ ನಿಜವಾದ 50 ರೋಗಿಗಳಲ್ಲಿ ಸುಮಾರು 45 ಮಂದಿ ಸಿಗುತ್ತಾರೆ. ಕಾಯಿಲೆ ಇಲ್ಲದ 950ರಲ್ಲಿ ಶೇ. 18, ಅಂದರೆ 171 ಮಂದಿಯೂ ಹತ್ತು ಮುಟ್ಟುತ್ತಾರೆ. 216 ಮಂದಿಗೆ ‘ಆತಂಕ’ ಎಂದು ಚೀಟಿ ಕೊಟ್ಟರೆ ಸರಿಯಾದದ್ದು ಐವರಲ್ಲಿ ಒಬ್ಬರಿಗೆ. ಅದೇ ಪಟ್ಟಿಯನ್ನು ಶೇ. 30ರಷ್ಟು ಕಾಯಿಲೆ ಇರುವ ಮಾನಸಿಕ ಆರೋಗ್ಯ ಒಪಿಯಲ್ಲಿ ಬಳಸಿದರೆ ಮೂವರಲ್ಲಿ ಇಬ್ಬರಿಗೆ ಸರಿಯಾಗುತ್ತದೆ. ಪಟ್ಟಿ ಅದೇ, ಕೂರಿಸಿದ ಜಾಗ ಬೇರೆ. ಶಿಬಿರದ ಅಂಕವನ್ನು ರೋಗನಿರ್ಣಯ ಎಂದು ತಿಳಿಯಬಾರದು ಎಂದು ವೈದ್ಯರು ಹೇಳುವುದು ಈ ಲೆಕ್ಕದ ಮೇಲೆ.

ಇದೂ ಪಟ್ಟಿಯನ್ನು ಸರಿಯಾಗಿ ಓದಿ ಕೇಳಿದ ಪಕ್ಷದಲ್ಲಿ. ನಮ್ಮಲ್ಲಿ ಮನೆಯ ಮಾತು ತುಳು, ಹವ್ಯಕ, ಬ್ಯಾರಿ, ಕೊಂಕಣಿ ಅಥವಾ ಮರಾಠಿ, ಕಲಿತದ್ದು ಕನ್ನಡ, ಸರಕಾರಿ ಆಸ್ಪತ್ರೆಯ ಕಾಗದ ಮಲಯಾಳ, ಮಂಗಳೂರು ಕಡೆಯ ಆಸ್ಪತ್ರೆಗೆ ಹೋದರೆ ಇಂಗ್ಲಿಷ್. ಕೌಂಟರಿನಲ್ಲಿ ಪಟ್ಟಿ ಕೊಟ್ಟಾಗ ತಾಯಿಯ ಪರವಾಗಿ ಮಗ ಓದುತ್ತಾನೆ. ‘ಕಳೆದ ಎರಡು ವಾರದಲ್ಲಿ’ ಎಂಬುದು ಮೊದಲ ಪ್ರಶ್ನೆಯ ನಂತರ ಬಿಟ್ಟೇಹೋಗುತ್ತದೆ, ತಾಯಿ ಇಡೀ ಜನ್ಮದ ಲೆಕ್ಕ ಹೇಳುತ್ತಾಳೆ. ‘ಒಂದು ದಿನವೂ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ’ ಎಂಬ ನಾಲ್ಕು ಆಯ್ಕೆಗಳು ‘ಉಂಟಾ, ಇಲ್ವಾ’ ಎಂಬ ಎರಡಕ್ಕೆ ಇಳಿಯುತ್ತವೆ. ಉಂಟು ಎಂದರೆ ಮಗ ತನಗೆ ತೋಚಿದ ಚೌಕಕ್ಕೆ ಗೀಟು ಹಾಕುತ್ತಾನೆ. ಚಿಂತೆ ನಿಲ್ಲಿಸಲು ಆಗುವುದಿಲ್ಲ ಎಂಬ ಎರಡನೆಯ ಪ್ರಶ್ನೆಯೂ, ಬೇರೆ ಬೇರೆ ವಿಷಯಕ್ಕೆ ಅತಿಯಾಗಿ ಚಿಂತೆ ಮಾಡುತ್ತೀರಾ ಎಂಬ ಮೂರನೆಯದೂ ಬಾಯಿಮಾತಿನಲ್ಲಿ ಒಂದೇ ಆಗಿಬಿಡುತ್ತವೆ. ಸೊಸೆಯ ಬಗ್ಗೆಯೋ ಸಾಲದ ಬಗ್ಗೆಯೋ ಹೇಳಲಿಕ್ಕಿದ್ದರೆ ಮಗನೆದುರು ತಾಯಿ ಹೇಳುವುದೂ ಇಲ್ಲ. ಮೊದಲ ಸಲ ಮಲಯಾಳ ಬಲ್ಲ ನರ್ಸ್ ಕೇಳಿ, ಎಂಟು ವಾರದ ನಂತರ ಕನ್ನಡದ ಆಶಾ ಕಾರ್ಯಕರ್ತೆ ಕೇಳಿದರೆ, ನಡುವೆ ಇಳಿದ ಮೂರ್ನಾಲ್ಕು ಅಂಕ ಚಿಕಿತ್ಸೆಯದೋ ಕೇಳಿದ ರೀತಿಯದೋ ಎಂದು ಯಾರೂ ಹೇಳಲಾರರು.

ಸರಿಪಡಿಸುವ ದಾರಿ ಹೊಸದೇನಲ್ಲ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು, ಕೂಡಿ ಒಂದು ಮಾಡಬೇಕು, ಮೂಲವನ್ನು ನೋಡದ ಮೂರನೆಯವರು ಮರಳಿ ಇಂಗ್ಲಿಷಿಗೆ ತರಬೇಕು. ಆಮೇಲೆ ಹತ್ತು ಹದಿನೈದು ಜನರಿಗೆ ಓದಿ ಹೇಳಿ, ನಿಮಗೆ ಏನು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಹೇಳಿಸಬೇಕು. ಕೊನೆಗೆ ಪಟ್ಟಿಯ ಅಂಕವನ್ನೂ ಮನೋವೈದ್ಯರ ಸಂದರ್ಶನವನ್ನೂ ಹೋಲಿಸಿ ಇಲ್ಲಿಯ ಗಡಿ ಹತ್ತೋ, ಎಂಟೋ, ಹನ್ನೆರಡೋ ಎಂದು ಗೊತ್ತುಮಾಡಬೇಕು. ಕರ್ನಾಟಕದ ಕನ್ನಡ ಪಟ್ಟಿಯನ್ನು ಹಾಗೆಯೇ ತಂದರೆ ಅರ್ಧ ಕೆಲಸವಷ್ಟೇ ಆಗುತ್ತದೆ, ಏಕೆಂದರೆ ಇಲ್ಲಿ ಪಟ್ಟಿಯನ್ನು ಓದುವವರಿಗಿಂತ ಕೇಳಿಸಿಕೊಳ್ಳುವವರು ಹೆಚ್ಚು.

ಚಿಕಿತ್ಸಾ ಸಂಶೋಧನೆ ಈ ಜಿಲ್ಲೆಗೆ ಹೊಸದಲ್ಲ. ಕಾಸರಗೋಡಿನಲ್ಲೇ ಇರುವ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆ ಆನೆಕಾಲು ರೋಗಕ್ಕೆ ಚರ್ಮದ ಶುಚಿ, ಆಯುರ್ವೇದ, ಯೋಗ, ಬಿಗಿ ಬ್ಯಾಂಡೇಜ್ ಸೇರಿಸಿದ ಚಿಕಿತ್ಸೆಯನ್ನು ಗುಲ್ಬರ್ಗ ಮತ್ತು ಆಲಪ್ಪುಳ ಜಿಲ್ಲೆಗಳಲ್ಲಿ ನಡೆಸಿ ಫಲಿತಾಂಶ ಪ್ರಕಟಿಸಿದೆ. ಅಲ್ಲಿ ಲಾಟರಿ ಹಂಚಿಕೆ ಇರಲಿಲ್ಲ, ಅದು ಮಿತಿಯೇ. ಆದರೆ ಕಾಲಿನ ಗಾತ್ರವನ್ನು ಅಳೆಯಬಹುದು. ಯಾವ ಭಾಷೆಯಲ್ಲಿ ಅಳೆದರೂ ಅದು ಅಷ್ಟೇ. ಆತಂಕಕ್ಕೆ ಆ ಸೌಲಭ್ಯವಿಲ್ಲ.

ಎಣ್ಮಕಜೆ ಪಂಚಾಯತಿನ ಪಡ್ರೆಯದು ಬೇರೆ ಕಥೆ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಕಾಯಿಲೆಗಳ ಗುಂಪು ಮೊದಲು ಕಣ್ಣಿಗೆ ಬಿದ್ದದ್ದು ಊರಿನ ವೈದ್ಯರಿಗೆ. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಯ 117 ಗಂಡುಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ 90 ಮಕ್ಕಳ ಜೊತೆ ಹೋಲಿಸಿ, ಪ್ರೌಢಾವಸ್ಥೆಗೆ ಬರುವುದು ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿದರು. ವಿಷಕ್ಕೆ ಲಾಟರಿ ಎತ್ತಲಾಗದು, ಹೋಲಿಕೆಯ ಊರನ್ನು ಹುಡುಕಬೇಕಾಗುತ್ತದೆ. ಹಾಗೆ ಹುಡುಕಿದ ಊರು ಬೇರೆಲ್ಲದರಲ್ಲೂ ಸಮವೇ ಎಂಬ ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಹೋಲಿಕೆಯ ಗುಂಪು ಎಷ್ಟು ಮುಖ್ಯ ಎಂದು ಪಡ್ರೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ದೊಡ್ಡ ಕಾಯಿಲೆಗೆ ಜನ ಈಗಲೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿಯ ಬೋಧನಾ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೋ ಕಂಪನಿಯ ಔಷಧ ಪ್ರಯೋಗಕ್ಕೋ ಸೇರುತ್ತೀರಾ ಎಂದು ಯಾರಾದರೂ ಕೇಳಬಹುದು. ಸೇರುವುದರಲ್ಲಿ ತಪ್ಪಿಲ್ಲ, ಕೇಳಿ ಸೇರಬೇಕು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು; ಓದಲು ಬಾರದವರಿದ್ದರೆ ಸಂಶೋಧಕರ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಅದರ ಒಂದು ಪ್ರತಿ ನಿಮ್ಮ ಕೈಗೆ ಸಿಗಬೇಕು. ನೈತಿಕ ಸಮಿತಿಯವರನ್ನು ಸಂಪರ್ಕಿಸುವ ವಿವರ ಅದರಲ್ಲಿರಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರು, ಅವರಲ್ಲಿ ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ವ್ಯಕ್ತಿ, ಒಬ್ಬ ಮಹಿಳೆ ಇರಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳು ಹೇಳುತ್ತವೆ. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. 2007ರಿಂದ ನಡೆಯುತ್ತಿರುವ, ಚಿಕಿತ್ಸಾ ಪ್ರಯೋಗಗಳ ಈ ರಾಷ್ಟ್ರೀಯ ದಾಖಲೆಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು, ಏನನ್ನು ಅಳೆಯುತ್ತೇವೆಂದು ಮೊದಲು ಬರೆದಿದ್ದರು ಎಂಬುದೂ ಅಲ್ಲಿರುತ್ತದೆ. ಮಧ್ಯದಲ್ಲಿ ಬಿಟ್ಟರೂ ಮಾಮೂಲಿ ಚಿಕಿತ್ಸೆ ತಪ್ಪಿಸುವಂತಿಲ್ಲ. ಬಸ್ಸಿನ ಖರ್ಚು ಯಾರದು ಎಂದು ಕೇಳಲು ನಾಚಿಕೆ ಬೇಡ. ಮೂರನೆಯ ಭೇಟಿಗೆ ಬಾರದವರನ್ನು ‘ಬಿಟ್ಟುಹೋದವರು’ ಎಂದು ಬರೆಯುತ್ತಾರೆ. ಬಿಟ್ಟದ್ದು ಚಿಕಿತ್ಸೆಯನ್ನೋ ಬಸ್ಸನ್ನೋ ಎಂದು ಬರೆಯುವ ಕಾಲಂ ಸಾಮಾನ್ಯವಾಗಿ ಇರುವುದಿಲ್ಲ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳೇ ದಾಟಲಾಗಲಿಲ್ಲ, ಸಂಶೋಧನೆಯ ಭೇಟಿಯ ಮಾತು ದೂರ ಉಳಿಯಿತು.

ಈಗಾಗಲೇ ಮದ್ದು ತೆಗೆದುಕೊಳ್ಳುತ್ತಿರುವವರಿಗೆ ಎರಡು ಮಾತು. ಎಸಿಟಾಲೊಪ್ರಾಮ್ ಗುಂಪಿನ ಮಾತ್ರೆಯಲ್ಲಿ ಮೊದಲ ವಾರ ಓಕರಿಕೆ, ನಿದ್ದೆಯ ಏರುಪೇರು, ಕೆಲವೊಮ್ಮೆ ಆತಂಕವೇ ಸ್ವಲ್ಪ ಹೆಚ್ಚಾಗುವುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಕೇಡು ಮೊದಲು, ಗುಣ ಆಮೇಲೆ ಬರುವುದರಿಂದಲೇ ಹತ್ತನೆಯ ದಿನಕ್ಕೆ ಬಿಡುವವರು ಹೆಚ್ಚು. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಮಂಪರು, ಗೊಂದಲ ಬರಬಹುದು. ಗಂಟುನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಧ್ಯಾನ ಶುರುಮಾಡಿದೆ ಎಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಿದ್ಯುತ್ ತಾಗಿದಂತಹ ಜುಂ ಎನ್ನುವ ಅನುಭವ, ಸಿಟ್ಟು ಬರುತ್ತವೆ. ಅದನ್ನು ಕಾಯಿಲೆ ಮರಳಿತು ಎಂದು ತಿಳಿಯುತ್ತಾರೆ. ವೈದ್ಯರು ವಾರಗಟ್ಟಲೆ ಹಂತ ಹಂತವಾಗಿ ಇಳಿಸುತ್ತಾರೆ. ಅಲ್ಪ್ರಜೋಲಾಮ್ ಬೇರೆಯೇ ಜಾತಿ: ಅರ್ಧ ತಾಸಿನಲ್ಲಿ ಹಿತ, ಕೆಲವು ವಾರದಲ್ಲಿ ಚಟ. ಅದು ಎಚ್1 ಪಟ್ಟಿಯ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದು. ಮೆಡಿಕಲ್‌ನವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆಯ ಚೀಟಿ ತೋರಿಸಿ ತರುವುದು ರೂಢಿಯಾಗಿದ್ದರೆ ಅದೇ ಎಚ್ಚರಿಕೆ.

ಮಾತು ಆಧಾರಿತ ಚಿಕಿತ್ಸೆಯೂ ಇದೆ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಸಾಮಾನ್ಯ ಆತಂಕಕ್ಕೆ ಸಿಬಿಟಿ (ಯೋಚನೆ, ನಡವಳಿಕೆಯ ರೀತಿಯನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಅಥವಾ ಕ್ರಮಬದ್ಧ ವಿಶ್ರಾಂತಿ ತರಬೇತಿಯನ್ನು ಮದ್ದಿನ ಸಾಲಿನಲ್ಲೇ ಇಟ್ಟಿದೆ. ಧ್ಯಾನದ ಬಗ್ಗೆ ಇಷ್ಟು ಮಾತಾಡುವ ನಾವು ಕನ್ನಡದಲ್ಲಿ ಸಿಬಿಟಿ ಎಲ್ಲಿ ಸಿಗುತ್ತದೆ ಎಂದು ಕೇಳುವುದು ಕಡಿಮೆ. ಸಾಯುವ ಯೋಚನೆ ಬರುತ್ತಿದ್ದರೆ ಇದಾವುದನ್ನೂ ತೂಗಿ ನೋಡುತ್ತ ಕೂರಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿಯೂ ಉಚಿತ, ಕರೆ ಮಾಡಿದಾಗ ಭಾಷೆ ಆರಿಸುವ ಅವಕಾಶವಿದೆ.

ಇಲ್ಲಿಯದೇ ಪ್ರಯೋಗವೊಂದು ಬೇಕೆಂದರೆ ಎಷ್ಟು ಜನ ಬೇಕು? ಧ್ಯಾನದ ತರಗತಿಯನ್ನು ಅಷ್ಟೇ ತಾಸಿನ ಆರೋಗ್ಯ ಪಾಠದ ತರಗತಿಯ ಜೊತೆ ಹೋಲಿಸುವುದು ಎಂದಿಟ್ಟುಕೊಳ್ಳಿ; ಆಗ ಜೊತೆಗೂಡಿ ಕೂತದ್ದರ ಗುಣ ಎರಡೂ ಕಡೆ ಸಮನಾಗುತ್ತದೆ. ಮಧ್ಯಮ ಗಾತ್ರದ ವ್ಯತ್ಯಾಸವನ್ನು ಹಿಡಿಯಲು ಮಾಮೂಲಿ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಒಂದೊಂದು ಕಡೆ 64 ಮಂದಿ. ಒಂದೇ ತರಗತಿಯ ಹನ್ನೆರಡು ಮಂದಿ ಒಬ್ಬರಂತೆ ಒಬ್ಬರು ಆಗುವುದರಿಂದ ಆ ಸಂಖ್ಯೆಯನ್ನು ಸುಮಾರು ಒಂದೂವರೆ ಪಟ್ಟು ಹಿಗ್ಗಿಸಬೇಕು, ನೂರರಷ್ಟಾಗುತ್ತದೆ. ನಾಲ್ವರಲ್ಲಿ ಒಬ್ಬರು ಬಿಡುತ್ತಾರೆ ಎಂದರೆ 134. ಒಂದೊಂದು ಕಡೆ ಹನ್ನೆರಡು ತರಗತಿ, ಒಟ್ಟು ಇಪ್ಪತ್ತನಾಲ್ಕು. ಕನ್ನಡದಲ್ಲಿ ಕಲಿಸಿ ತುಳುವಿನಲ್ಲಿ ವಿಚಾರಿಸಬಲ್ಲ ಇಬ್ಬರು ಶಿಕ್ಷಕರಿದ್ದು, ಒಬ್ಬೊಬ್ಬರು ಒಂದು ಸುತ್ತಿಗೆ ಎರಡು ತರಗತಿ ನಡೆಸಿದರೆ ಧ್ಯಾನದ ಹನ್ನೆರಡು ತರಗತಿಗೆ ಮೂರು ಸುತ್ತು, ಇಪ್ಪತ್ತನಾಲ್ಕು ವಾರ. ಎರಡೂವರೆ ತಾಸಿನ ತರಗತಿ ಸಂಜೆ ಇಟ್ಟರೆ ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಕೊನೆಯ ಬಸ್ಸು ತಪ್ಪುತ್ತದೆ, ಬೆಳಗ್ಗೆ ಇಟ್ಟರೆ ಕೂಲಿಗೆ ಹೋಗುವವರು ಬರುವುದಿಲ್ಲ, ಭಾನುವಾರವೊಂದೇ ಉಳಿಯುತ್ತದೆ. ಅಡಿಕೆ ಕೊಯ್ಲು, ರಂಜಾನ್, ಜೂನ್–ಜುಲೈಯ ಜಡಿಮಳೆ ಇವನ್ನು ಬಿಟ್ಟು ಎಂಟೆಂಟು ವಾರ ಸತತವಾಗಿ ಸಿಗುವುದು ವರ್ಷದಲ್ಲಿ ಎರಡು ಸಲ. ಹಾಗಾಗಿ ಜನರನ್ನು ಸೇರಿಸಿ ತರಗತಿ ಮುಗಿಸಲಿಕ್ಕೇ ಒಂದೂವರೆ ವರ್ಷ, ಅದಕ್ಕೂ ಮೊದಲು ಪ್ರಶ್ನೆಪಟ್ಟಿಯನ್ನು ಇಲ್ಲಿಯ ಮಾತಿಗೆ ಹೊಂದಿಸಲು ಆರು ತಿಂಗಳು.